ಗೆಯ್: ಒಂದು ಧಾತುವಿನ ಕುಲಕಥೆ

ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಆಗಾಗ ಎದುರಾಗುವ ಮಾತೊಂದಿದೆ: ಕನ್ನಡವು ತಮಿಳಿನ ಮಗಳು. ಇದಕ್ಕೆ ಅಭಿಮಾನದಿಂದ ಉತ್ತರಿಸುವುದು ಸುಲಭ. ಆಧಾರದಿಂದ ಉತ್ತರಿಸುವುದು ಮೇಲು. ಆ ಆಧಾರವನ್ನು ಒಂದೇ ಕ್ರಿಯಾಪದದಲ್ಲಿ ಕಾಣಬಹುದು.

‘ಮಾಡು’ ಎಂಬ ಅರ್ಥದ ಹಳಗನ್ನಡ ಧಾತು ಕೆಯ್ ಅಥವಾ ಗೆಯ್. ಅದು ತಮಿಳಿನಲ್ಲಿ ಚೆಯ್ (ಇಂದಿನ ಉಚ್ಚಾರದಲ್ಲಿ ಸೆಯ್), ಮಲಯಾಳದಲ್ಲಿ ಚೆಯ್ಯುಕ, ತೆಲುಗಿನಲ್ಲಿ ಚೇಯು. ದೂರದ ಗೋಂಡಿಯಲ್ಲಿ ಕೀ, ಒಡಿಶಾದ ಕುಇ ಭಾಷೆಯಲ್ಲಿ ಗಿ. ಇವನ್ನೆಲ್ಲ ಹೋಲಿಸಿ ವಿದ್ವಾಂಸರು ಮೂಲದ್ರಾವಿಡ ರೂಪವನ್ನು *ಕೆಯ್ ಎಂದು ಪುನರ್ರಚಿಸಿದ್ದಾರೆ. ಆ ನಕ್ಷತ್ರ ಚಿಹ್ನೆಯು, ಇದು ದಾಖಲೆಯಿಂದಲ್ಲ, ತರ್ಕದಿಂದ ಪಡೆದ ರೂಪವೆಂದು ಸೂಚಿಸುತ್ತದೆ.

ಮೂಲದಲ್ಲಿದ್ದುದು ಕಕಾರವೇ ಎಂದು ಹೇಗೆ ಹೇಳುವುದು? ಇ, ಎ ಸ್ವರಗಳ ಮುಂದೆ ಕಕಾರವು ಚಕಾರವಾಗುವುದು ಭಾಷೆಗಳಲ್ಲಿ ಸಾಮಾನ್ಯ. ಇಂಗ್ಲಿಷಿನ ‘ಚರ್ಚ್’ ಸ್ಕಾಟ್ಲೆಂಡಿನಲ್ಲಿ ‘ಕಿರ್ಕ್’ ಆಗಿಯೇ ಉಳಿದಿದೆ. ನಮ್ಮ ಕಿವಿಗೆ ತಮಿಳಿನ ಚೆವಿ, ಕಿರುವಿಗೆ ಚಿಱು ಇರುವುದು ಹೀಗೆಯೇ. ಆದರೆ ಮುಂದೆ ಳಕಾರದಂಥ ಮೂರ್ಧನ್ಯವಿದ್ದರೆ ತಮಿಳು ಬದಲಾಗಲಿಲ್ಲ. ಆದ್ದರಿಂದ ಕೇಳ್ ಇಬ್ಬರಿಗೂ ಕೇಳ್. ನಮ್ಮ ಗಿಳಿ ತಮಿಳರಿಗೆ ಕಿಳಿ. ತೆಲುಗಿಗೆ ಈ ವಿನಾಯಿತಿಯಿಲ್ಲ; ಅಲ್ಲಿ ಅದು ಚಿಲುಕ.

ಕನ್ನಡವು ತಮಿಳಿನ ಚೆಯ್ ಅನ್ನು ಪಡೆದಿದ್ದರೆ ಏನಾಗಬೇಕಿತ್ತು? ಮೂಲದಿಂದಲೇ ಚಕಾರವಿದ್ದ ತಮಿಳಿನ ಚೆಲ್ ನಮ್ಮಲ್ಲಿ ಸಲ್ ಆಗಿದೆ. ಹಾಗೆಯೇ ಇದೂ ಸಕಾರ ಪಡೆಯಬೇಕಿತ್ತು. ಪಡೆದಿಲ್ಲ. ಹಾಗೆಂದು ಕನ್ನಡವೇ ತಾಯಿಯೂ ಅಲ್ಲ. ಪದಾದಿಯ ವಕಾರವನ್ನು ತಮಿಳು ಕಾಪಾಡಿತು; ನಾವು ‘ವಾ’ವನ್ನು ‘ಬಾ’ ಮಾಡಿದೆವು. ಒಬ್ಬರು ಕಳೆದುಕೊಂಡುದನ್ನು ಇನ್ನೊಬ್ಬರು ಉಳಿಸಿಕೊಂಡಿರುವುದು ಒಡಹುಟ್ಟಿದವರ ಲಕ್ಷಣ.

ಈ ಬಾಂಧವ್ಯದ ಮೊದಲ ಮುದ್ರಿತ ಪ್ರತಿಪಾದನೆ ಹೊರಬಂದುದು ಇದೇ ಊರಿನಲ್ಲಿ. 1816ರಲ್ಲಿ, ಕ್ಯಾಂಪ್‌ಬೆಲ್ಲರ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ, ಮದರಾಸಿನ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ಅವು ಸಂಸ್ಕೃತಜನ್ಯವಲ್ಲವೆಂದು ತೋರಿಸಿದರು. ಕಾಲ್ಡ್‌ವೆಲ್ಲರ ಪ್ರಸಿದ್ಧ ಗ್ರಂಥ ಬಂದದ್ದು ನಲವತ್ತು ವರ್ಷಗಳ ಅನಂತರ, 1856ರಲ್ಲಿ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿಕೋಶ 1961ರದು.

ಇಂದು ನಮ್ಮ ಆಡುಮಾತಿನಲ್ಲಿ ‘ಮಾಡು’, ಚೆನ್ನೈಯ ಆಡುಮಾತಿನಲ್ಲಿ ‘ಪಣ್ಣು’ ಈ ಹಳೆಯ ಧಾತುವಿನ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ನಮ್ಮಲ್ಲಿ ಅದು ‘ಪಯಣಗೈದರು’ ಎಂಬ ಗ್ರಾಂಥಿಕ ಪ್ರಯೋಗದಲ್ಲಿಯೂ ಹೊಲದ ದುಡಿಮೆಯನ್ನು ಹೇಳುವ ‘ಗೇಮೆ’ಯಲ್ಲಿಯೂ ಉಳಿದಿದೆ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಸೆಯ್ ಎಂಬುದು ಶಾಲೆಯಲ್ಲಿಯೇ ಪರಿಚಿತ. ಅದರ ಪಕ್ಕದಲ್ಲಿ ಗೆಯ್ ಅನ್ನು ಇರಿಸಿ ತೋರಿಸುವ ಕೆಲಸ ನಮ್ಮದು.