ಮಾಳಿಗೆಯ ಮಣ್ಣು ಯಾರ ಲೆಕ್ಕಕ್ಕೆ?

ನಮ್ಮ ವಿಜಯಪುರ ಜಿಲ್ಲೆಯ ಹಳೆಯ ಮನೆಗಳು ಮಾಳಿಗೆ ಮನೆಗಳು. ತೊಲೆ, ಜಂತಿ, ಅವುಗಳ ಮೇಲೆ ಕಟ್ಟಿಗೆ-ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಬಿಸಿಲ ಸೀಮೆಗೆ ಇದೇ ತಂಪು. ಆದರೆ ಜೂನ್ 7ರ ಸುಮಾರಿಗೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದರೊಳಗೆ ಮ್ಯಾಲೆ ಹತ್ತಿ ಹುಲ್ಲು ಕಿತ್ತು, ಬಿರುಕಿಗೆ ಹೊಸ ಮಣ್ಣು ಹಾಕಿ ಬಡಿಯಬೇಕು. ಇಲ್ಲದಿದ್ದರೆ ರಾತ್ರಿಯೆಲ್ಲ ಬೋಗುಣಿ ಇಡುವುದೇ ಕೆಲಸ. ಸ್ವಂತ ಮನೆಯವರಿಗೆ ಅದು ವರ್ಷದ ವಾಡಿಕೆ. ಬಾಡಿಗೆಯವರಿಗೆ ಮಾತ್ರ ವರ್ಷವೂ ಹೊಸ ತಕರಾರು.

ಹೈಸ್ಕೂಲ್ ಮಾಸ್ತರಿಕೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಊರಲ್ಲಿ ಬಾಡಿಗೆ ಕಟ್ಟಿದವನು ನಾನು. ಇಂಡಿಯ ಮನೆಯೊಡತಿ ಕಾಯ್ದೆ ಓದಿದವಳಲ್ಲ. "ಮಾಸ್ತರ್ರ, ಈ ಸಲ ಮಣ್ಣ ನೀವ ಹಾಕಿಸ್ರಿ, ಬಾಡಗ್ಯಾಗ ಮುರಕೊಳ್ರಿ" ಅಂದಳು. ಮುರಕೊಂಡೆ. ರಸೀದಿಯಿಲ್ಲ, ಜಗಳವೂ ಇಲ್ಲ. ಸಿಂದಗಿಯಲ್ಲಿ ಬೇರೆ ಕಥೆ. ಮಾಲೀಕರು ಹಳೆ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿಸಲು ಹೊರಟರು. ಅಡುಗೆಮನೆ ಬಯಲಾಯಿತು, ಪಡಸಾಲೆಯಲ್ಲೇ ಸ್ಟೋವ್, ಅಲ್ಲೇ ಮಕ್ಕಳ ಹಾಸಿಗೆ, ಅನ್ನದಲ್ಲೂ ಸಿಮೆಂಟಿನ ಧೂಳು. ಬಾಡಿಗೆ ಮಾತ್ರ ಪೂರಾ. ಕೆಲಸ ಮುಗಿದ ಮೇಲೆ ಮನೆ ಹೊಸದಾಯಿತೆಂದು ಅದನ್ನೂ ಏರಿಸಿದರು. ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ನನಗೆ ಸೋರದ ಮನೆಗಳು ಸಿಕ್ಕವು, ಹೇಳುವಂಥದ್ದೇನಿಲ್ಲ.

ಕಾಯ್ದೆ ಏನನ್ನುತ್ತದೆಂದು ಹುಡುಕಿದ್ದು ಸಿಂದಗಿಯ ಸಿಟ್ಟಿಗೆ. ಮೊದಲು ಸಿಕ್ಕಿದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ. ಮಾಲೀಕ ಮಾಡಲೇಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಮೇಲೂ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇಂಡಿಯ ಮುದುಕಿ ಹೇಳಿದ್ದೂ ಅದನ್ನೇ, ಬಡ್ಡಿಯೊಂದನ್ನು ಬಿಟ್ಟು! ತೊಡಕು ಒಂದೇ: 'ಮಾಡಲೇಬೇಕಾದ' ದುರಸ್ತಿ ಯಾವುದೆಂದು ಆ ಕಾಯ್ದೆ ಬಿಡಿಸಿ ಹೇಳದು, ಕರಾರನ್ನೇ ನೋಡಬೇಕು. ನಮ್ಮಲ್ಲಿ ಕರಾರು ಬರೆದವರಾರು?

ಆ ತೊಡಕನ್ನು ಬಿಡಿಸಿದ್ದು ಮುಂಬಯಿ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತ್ಯದ್ದು. ಯುದ್ಧ ಬಂದಾಗಲೆಲ್ಲ ಬಾಡಿಗೆ ಏರುತ್ತಿದ್ದ ಆ ಪ್ರಾಂತ್ಯ 1918ರಲ್ಲೇ ಅದಕ್ಕೆ ಕಡಿವಾಣ ಹಾಕಿತ್ತು. 1947ರ ಮುಂಬಯಿ ಬಾಡಿಗೆ ಕಾಯ್ದೆಯ 23ನೇ ಕಲಂ ಮನೆಯನ್ನು ವಾಸಕ್ಕೆ ಯೋಗ್ಯವಾಗಿಡುವುದೇ ಮಾಲೀಕನ ಹೊಣೆ ಎಂದಿತು. ಬಾಡಿಗೆದಾರ ಒಪ್ಪಿ ಬೇರೆ ಕರಾರು ಮಾಡಿಕೊಂಡಿದ್ದರೆ ಮಾತು ಬೇರೆ. ಹದಿನೈದು ದಿನದ ನೋಟಿಸು ಕೊಟ್ಟು ಬಾಡಿಗೆದಾರನೇ ದುರಸ್ತಿ ಮಾಡಿಸಬಹುದಿತ್ತು, ಮುರಿದುಕೊಳ್ಳುವ ಮೊತ್ತ ಮಾತ್ರ ವರ್ಷದ ಬಾಡಿಗೆಯ ನಾಲ್ಕನೇ ಒಂದು ಪಾಲು ಮೀರಬಾರದು. ಆ ಕಾಯ್ದೆಯ ಪಟ್ಟಿಗೆ ಸೇರಿದ ಊರುಗಳಿಗಷ್ಟೇ ಈ ಭಾಗ್ಯ. ಆಮೇಲೆ ಬಂದ 1961ರ ಮೈಸೂರು ಬಾಡಿಗೆ ಕಾಯ್ದೆಯಲ್ಲಿ ಖಾಲಿ ಮಾಡಿಸದೆ ಆಗದಂಥ ದುರಸ್ತಿಗೆ ಮಾಲೀಕ ಕೋರ್ಟಿಗೆ ಹೋಗಿ ಮನೆ ಬಿಡಿಸಲು ಅವಕಾಶವಿತ್ತು.

ಇದೆಲ್ಲ ದುರಸ್ತಿಯ ಖರ್ಚಿನ ಮಾತು. ಕೋಣೆಯೇ ಕೈತಪ್ಪಿದಾಗ? ಕಲ್ಕತ್ತೆಯ ಸ್ಟೀಫನ್ ಕೋರ್ಟ್ ಎಂಬ ಕಟ್ಟಡದ ವ್ಯಾಜ್ಯದಲ್ಲಿ 1966ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಮೂರು ಮಲಗುವ ಕೋಣೆಗಳಲ್ಲಿ ಒಂದು ಬಾಡಿಗೆದಾರನ ವಶಕ್ಕೆ ಬಂದಿರಲಿಲ್ಲ. ಬಾಡಿಗೆ ಪೂರಾ ನಿಲ್ಲಿಸುವಂತಿಲ್ಲ, ಸಿಕ್ಕ ಪಾಲಿಗೆ ತಕ್ಕಷ್ಟು ಕೊಡಬೇಕು ಎಂದಿತು ನ್ಯಾಯಾಲಯ. ನನ್ನ ಸಿಂದಗಿಯ ಅಡುಗೆಮನೆ ಆ ತೀರ್ಪಿಗೆ ಪೂರ್ತಿ ಹೊಂದದು, ಮೊದಲು ನನ್ನ ವಶದಲ್ಲೇ ಇತ್ತಲ್ಲ. ಆದರೂ ಚೌಕಾಶಿಗೆ ಕೂತಾಗ ಅದು ಗೊತ್ತಿದ್ದರೆ ನನ್ನ ದನಿ ಇನ್ನಷ್ಟು ಗಟ್ಟಿಯಾಗಿರುತ್ತಿತ್ತು.

2009ರ ಸೆಪ್ಟೆಂಬರ್ ಕೊನೆಯ ಮಳೆಗೆ ಜಿಲ್ಲೆಯಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಪ್ರವಾಹದಿಂದ ಮನೆ ಶಾಶ್ವತವಾಗಿ ವಾಸಕ್ಕೆ ಬಾರದಂತಾದರೆ ಬಾಡಿಗೆದಾರ ಕರಾರನ್ನೇ ಮುರಿಯಬಹುದೆಂದು ಅದೇ 108ನೇ ಕಲಮಿನಲ್ಲಿದೆ. ಅದನ್ನು ನೆನಪಿಸಿಕೊಂಡವರನ್ನು ನಾನು ಕಾಣಲಿಲ್ಲ.

2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯೂ ದುರಸ್ತಿಯ ಖರ್ಚನ್ನು ಮುರಿದುಕೊಳ್ಳಲು ಬಿಡುತ್ತದೆ, ತಿಂಗಳಿಗೆ ಬಾಡಿಗೆಯ ಅರ್ಧದವರೆಗೆ. ಆದರೆ ಅದು ಬರೀ ಮಾದರಿ, ರಾಜ್ಯ ತನ್ನದಾಗಿಸಿಕೊಳ್ಳದೆ ಜಾರಿಯಾಗದು. ಅಲ್ಲಿಯವರೆಗೆ ಬಾಡಿಗೆಗೆ ಹೋಗುವವರು ಕರಾರು ಪತ್ರದಲ್ಲಿ ಎರಡು ಸಾಲು ಬರೆಸಿಕೊಳ್ಳಿ: ಸೋರಿದರೆ ಖರ್ಚು ಯಾರದು, ಕೆಲಸ ನಡೆಯುವಾಗ ಬಾಡಿಗೆ ಎಷ್ಟು.