ಯಾರಿಗೆ ಯಂತ್ರ? ಸಿಯಾಟಲ್ ಸಮಿತಿ ಮತ್ತು ನಿಕೋಲಸ್ ರೆಷರ್

1960ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಬೋಯಿಂಗ್ ಕಾರ್ಖಾನೆಯ ಕುಶಲಕರ್ಮಿ ಕ್ಲೈಡ್ ಶೀಲ್ಡ್ಸ್ ಅವರ ಕೈಗೆ ಟೆಫ್ಲಾನ್ ಕೊಳವೆಯೊಂದನ್ನು ಜೋಡಿಸಿದರು. ಅದುವರೆಗೆ ಯಂತ್ರದಿಂದ ರಕ್ತ ಶುದ್ಧಿಮಾಡುವ ಪ್ರತಿ ಡಯಾಲಿಸಿಸ್‌ಗೂ ಹೊಸದಾಗಿ ರಕ್ತನಾಳ ತೆರೆಯಬೇಕಿತ್ತು. ಮೂತ್ರಪಿಂಡ ಪೂರ್ತಿ ಕೆಟ್ಟವರಿಗೆ ಡಯಾಲಿಸಿಸ್ ತಾತ್ಕಾಲಿಕ ಆಸರೆ ಮಾತ್ರವಾಗಿತ್ತು. ಕೈಯಲ್ಲೇ ಉಳಿಯುವ ಈ ಕೊಳವೆಯಿಂದಾಗಿ ಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದುವರಿಸಲು ಸಾಧ್ಯವಾಯಿತು. ಶೀಲ್ಡ್ಸ್ ಮತ್ತೆ 11 ವರ್ಷ ಬದುಕಿದರು.

1962ರಲ್ಲಿ ಸಿಯಾಟಲ್ ಕೃತಕ ಮೂತ್ರಪಿಂಡ ಕೇಂದ್ರ ತೆರೆದಾಗ ಇದ್ದದ್ದು ಬೆರಳೆಣಿಕೆಯ ಹಾಸಿಗೆಗಳು. ವೈದ್ಯರು ಮೊದಲು ರೋಗಿಗಳನ್ನು ಸೋಸುತ್ತಿದ್ದರು. ಉಳಿದವರಲ್ಲಿ ಯಾರಿಗೆ ಚಿಕಿತ್ಸೆ ಎಂಬುದನ್ನು ಏಳು ಜನರ ಸಮಿತಿ ತೀರ್ಮಾನಿಸುತ್ತಿತ್ತು: ಪಾದ್ರಿ, ವಕೀಲ, ಗೃಹಿಣಿ, ಬ್ಯಾಂಕ್ ಅಧಿಕಾರಿ, ಕಾರ್ಮಿಕ ನಾಯಕ, ಸರ್ಕಾರಿ ಅಧಿಕಾರಿ ಮತ್ತು ಒಬ್ಬ ಶಸ್ತ್ರವೈದ್ಯ. ಅವರ ಹೆಸರುಗಳು ಗುಟ್ಟಾಗಿದ್ದವು. ಆದಾಯ, ವಿದ್ಯಾಭ್ಯಾಸ, ಉದ್ಯೋಗ, ಅವಲಂಬಿತರ ಸಂಖ್ಯೆ, ಹಿಂದಿನ ಸಾಧನೆ ಎಲ್ಲವೂ ತೂಕಕ್ಕೆ ಬರುತ್ತಿದ್ದವು. ಅದೇ ವರ್ಷದ ನವೆಂಬರ್‌ನಲ್ಲಿ ಲೈಫ್ ಪತ್ರಿಕೆಯಲ್ಲಿ ಶಾನಾ ಅಲೆಗ್ಸಾಂಡರ್ ಬರೆದ ವರದಿ ಇದನ್ನು ದೇಶದ ಮುಂದಿಟ್ಟಿತು. ಏಳೂ ಜನ ಸಜ್ಜನರೇ ಆಗಿದ್ದಿರಬಹುದು. ಆದರೆ ತಮ್ಮಂಥವರ ಬದುಕೇ ಅವರಿಗೆ ಅಳತೆಗೋಲಾಯಿತು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ತತ್ತ್ವಶಾಸ್ತ್ರಜ್ಞರು ಈ ಪ್ರಶ್ನೆಗೆ ತಡವಾಗಿ ಬಂದರು. ಅವರಲ್ಲಿ ನಿಕೋಲಸ್ ರೆಷರ್ ಮುಖ್ಯರು. 1928ರಲ್ಲಿ ಜರ್ಮನಿಯ ಹಾಗೆನ್‌ನಲ್ಲಿ ಹುಟ್ಟಿ, ನಾಜಿ ಆಳ್ವಿಕೆಯ ಕಾಲದಲ್ಲಿ ಬಾಲಕನಾಗಿ ಅಮೆರಿಕ ಸೇರಿದ ಅವರು 1951ರಲ್ಲಿ ಪ್ರಿನ್ಸ್‌ಟನ್‌ನಿಂದ ಡಾಕ್ಟರೇಟ್ ಪಡೆದರು. 1961ರಿಂದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದ್ದರು. ತರ್ಕಶಾಸ್ತ್ರ, ಜ್ಞಾನಮೀಮಾಂಸೆಗಳ ವಿದ್ವಾಂಸರೆಂದೇ ಹೆಸರಾಗಿದ್ದ ಅವರು 1969ರಲ್ಲಿ ಎಥಿಕ್ಸ್ ಪತ್ರಿಕೆಗೆ ಬರೆದ ಲೇಖನದಲ್ಲಿ, ಎಲ್ಲರಿಗೂ ಸಾಲದ ಜೀವರಕ್ಷಕ ಚಿಕಿತ್ಸೆಯನ್ನು ಹಂಚುವ ಕ್ರಮವನ್ನು ಚರ್ಚಿಸಿದರು. ಮೊದಲ ಹಂತದಲ್ಲಿ ಅರ್ಹರ ಪಟ್ಟಿ. ಎರಡನೆಯದರಲ್ಲಿ ಅವರ ಹೋಲಿಕೆ: ಗುಣವಾಗುವ ಸಾಧ್ಯತೆ, ಉಳಿದ ಆಯುಷ್ಯ, ಕುಟುಂಬದ ಹೊಣೆ, ಸಮಾಜಕ್ಕೆ ಮುಂದೆ ಸಲ್ಲಿಸಬಹುದಾದ ಮತ್ತು ಈಗಾಗಲೇ ಸಲ್ಲಿಸಿದ ಸೇವೆ. ಕೊನೆಗೆ ಹೆಚ್ಚುಕಡಿಮೆ ಸಮಾನರೆನಿಸಿದವರ ನಡುವೆ ಚೀಟಿ ಎತ್ತುವುದು.

ಈ ಕೊನೆಯ ಮಾತೇ ಆ ಲೇಖನದ ಬಲ ಎಂದು ನನಗನ್ನಿಸುತ್ತದೆ. ನಮ್ಮ ಅಳತೆಗಳು ಒರಟು, ಅವುಗಳಿಂದ ಕಾಣದಷ್ಟು ಸೂಕ್ಷ್ಮ ವ್ಯತ್ಯಾಸದ ಮೇಲೆ ಒಬ್ಬರ ಪ್ರಾಣ ನಿಲ್ಲಬಾರದು ಎಂಬ ಅರಿವು ಅದರಲ್ಲಿದೆ. ಆದರೆ ಸಮಾಜಸೇವೆಯನ್ನು ಲೆಕ್ಕಕ್ಕೆ ಹಿಡಿದದ್ದರಿಂದ ಸಿಯಾಟಲ್ ಸಮಿತಿಯ ದೋಷ ಹಿಂಬಾಗಿಲಿನಿಂದ ಮರಳಿತು. ಮರುವರ್ಷವೇ ನೀತಿಶಾಸ್ತ್ರಜ್ಞ ಜೇಮ್ಸ್ ಚಿಲ್ಡ್ರೆಸ್, ವೈದ್ಯಕೀಯವಾಗಿ ಅರ್ಹರಾದ ಎಲ್ಲರ ನಡುವೆಯೂ ಚೀಟಿಯೋ ಸರದಿಯೋ ನಿರ್ಧರಿಸಲಿ, ಮನುಷ್ಯರಿಗೆ ಬೆಲೆ ಕಟ್ಟುವುದು ಬೇಡ ಎಂದು ವಾದಿಸಿದರು. ಸರದಿಯಲ್ಲಿ ಬಡವನೂ ಒಂಟಿಯೂ ಉಳಿಯಬಲ್ಲರು. ಅಂಕಪಟ್ಟಿಯಲ್ಲಿ ಅವರು ಮೊದಲೇ ಸೋತಿರುತ್ತಾರೆ. ಹೀಗಾಗಿ ನಾನು ಚಿಲ್ಡ್ರೆಸ್ ಪಕ್ಷ.

ಡಯಾಲಿಸಿಸ್ ಮಟ್ಟಿಗೆ ಅಮೆರಿಕದಲ್ಲಿ ಚರ್ಚೆಯನ್ನು ಮುಗಿಸಿದ್ದು ಹಣ. 1972ರ ಕಾನೂನು ಬಹುಪಾಲು ರೋಗಿಗಳ ವೆಚ್ಚವನ್ನು ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ವಹಿಸಿತು; ಮರುವರ್ಷ ಅದು ಜಾರಿಗೆ ಬಂತು. 1992ರಲ್ಲಿ ನೀತಿಶಾಸ್ತ್ರಜ್ಞ ಆಲ್ಬರ್ಟ್ ಜಾನ್ಸೆನ್, ಲೈಫ್ ವರದಿಗೆ 30 ವರ್ಷವಾದ ನೆನಪಿಗೆ, ಜೈವಿಕ ನೀತಿಶಾಸ್ತ್ರದ ಹುಟ್ಟನ್ನು ಕುರಿತ ಸಮಾವೇಶವನ್ನು ಸಿಯಾಟಲ್‌ನಲ್ಲೇ ನಡೆಸಿದರು.

ಅಂಗಾಂಗ ಕಸಿಯಲ್ಲಿ ಹಣ ಸುರಿದರೂ ಕೊರತೆ ನೀಗದು. ಅಲ್ಲಿ ಇಂದು ಹಂಚಿಕೆ ನಿಲ್ಲುವುದು ಬಹುಮಟ್ಟಿಗೆ ವೈದ್ಯಕೀಯ ಅಳತೆಗಳು ಮತ್ತು ಸರದಿಯ ಮೇಲೆ; ಸಮಾಜಸೇವೆ ಲೆಕ್ಕಕ್ಕಿಲ್ಲ. ಒಂದು ವಿನಾಯಿತಿ ಇದೆ: ಹಿಂದೆ ಬದುಕಿರುವಾಗಲೇ ಮೂತ್ರಪಿಂಡ ದಾನ ಮಾಡಿ, ಈಗ ತಾವೇ ಅದಕ್ಕಾಗಿ ಕಾಯುತ್ತಿರುವವರಿಗೆ ಅಮೆರಿಕದ ಹಂಚಿಕೆ ನಿಯಮಗಳು ಆದ್ಯತೆ ಕೊಡುತ್ತವೆ. ಸಲ್ಲಿಸಿದ ಸೇವೆಗೆ ರೆಷರ್ ಕೇಳಿದ ಮನ್ನಣೆ ಅಷ್ಟು ಕಿರಿದಾದ ರೂಪದಲ್ಲಿ ಉಳಿದುಕೊಂಡಿದೆ. ಅದಕ್ಕೆ ಚಿಲ್ಡ್ರೆಸ್ ಪಕ್ಷದವನಾದ ನನ್ನ ತಕರಾರೂ ಇಲ್ಲ.