ತುಂಗಾಪಾನದಿಂದ ನಲ್ಲಿ ನೀರಿನವರೆಗೆ

'ಗಂಗಾಸ್ನಾನ, ತುಂಗಾಪಾನ' ಅನ್ನುವ ಮಾತು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮೀಯಲು ಗಂಗೆ, ಕುಡಿಯಲು ತುಂಗೆ. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿ, ಹರಿಹರಪುರಗಳನ್ನು ಹಾದು ತೀರ್ಥಹಳ್ಳಿ ಕಡೆಗೆ ಹೋಗುವ ತುಂಗೆ ನಮಗೆ ಒಂದು ಮಗ್ಗುಲು. ಅದೇ ಗಂಗಾಮೂಲದಿಂದ ಹೊರಟು ಕಳಸ, ಬಾಳೆಹೊನ್ನೂರು ಸುತ್ತಿ ನರಸಿಂಹರಾಜಪುರದ ಅಂಚಿನಲ್ಲಿ ಹಿನ್ನೀರಾಗಿ ನಿಲ್ಲುವ ಭದ್ರೆ ಇನ್ನೊಂದು ಮಗ್ಗುಲು. ಕೊಪ್ಪ, ಶೃಂಗೇರಿ ಕಡೆ ವರ್ಷಕ್ಕೆ ನೂರು ಅಂಗುಲಕ್ಕೂ ಮಿಕ್ಕಿ ಮಳೆ. ಇಂಥ ಸೀಮೆಯವರು ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಕುಡಿಯುವ ನೀರಿನ ಬಗ್ಗೆ ಬರೆಯುವುದು ಏನಿದೆ ಅಂತ ಸದಸ್ಯ ಬಾಂಧವರು ಕೇಳಬಹುದು.

ಸಂಘದ ಠೇವಣಿ, ಸಾಲ, ಡಿವಿಡೆಂಡುಗಳ ಲೆಕ್ಕ ಈ ಸಂಚಿಕೆಯ ಬೇರೆ ಪುಟಗಳಲ್ಲಿದೆ. ಆದರೆ ಈ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಮನೆಗಳೊಳಗೆ ಆದ ದೊಡ್ಡ ಬದಲಾವಣೆ ಯಾವುದು ಅಂತ ಹೆಂಗಸರನ್ನು ಕೇಳಿದರೆ ಅವರು ತೋರಿಸುವುದು ಅಡುಗೆಮನೆಯ ನಲ್ಲಿಯನ್ನು. ಆ ನಲ್ಲಿಯ ಹಿಂದಿನ ಕಥೆಯನ್ನು ಹಿರಿಯರಿಂದ ಕೇಳಿದ್ದು, ನಾವೇ ಕಂಡದ್ದು ಸೇರಿಸಿ ಇಲ್ಲಿ ಬರೆದಿದ್ದೇವೆ.

ದಂಬೆ ನೀರಿನ ಕಾಲ

ನಮ್ಮ ಅಜ್ಜಂದಿರ ಕಾಲದಲ್ಲಿ ಗುಡ್ಡದ ಬುಡದ ಮನೆಗಳಿಗೆ ಅಬ್ಬಿ ನೀರೇ ಗತಿ. ಮೇಲೆ ಕಾಡಿನ ಒರತೆಗೆ ಸಣ್ಣ ಕಟ್ಟೆ ಕಟ್ಟಿ, ಸೀಳಿ ತಿರುಳು ತೆಗೆದ ಅಡಿಕೆ ಮರದ ದಂಬೆಗಳನ್ನು ಕವೆಗೋಲಿನ ಮೇಲೆ ಸಾಲಾಗಿ ಇಟ್ಟು ನೀರನ್ನು ಬಚ್ಚಲಿನವರೆಗೆ ತರುತ್ತಿದ್ದರು. ಹಗಲೂ ರಾತ್ರಿ ಸುರಿಯುವ ನೀರು. ಕರೆಂಟು ಬೇಡ, ಬಿಲ್ಲು ಬೇಡ. ಆದರೆ ಕೆಲಸ ಬೇಕಿತ್ತು. ದಂಬೆಯಲ್ಲಿ ದರಗು ಸಿಕ್ಕಿಕೊಂಡರೆ, ದನ ಗುದ್ದಿ ಬೀಳಿಸಿದರೆ, ನೀರು ಸಣ್ಣಗಾದ ಕೂಡಲೇ ಮನೆಯ ಒಬ್ಬರು ಕತ್ತಿ ಹಿಡಿದು ಒರತೆಯವರೆಗೆ ಹೋಗಿ ಬರಬೇಕು. ಹೀಗಾಗಿ ನೀರು ಎಲ್ಲಿಂದ ಬರುತ್ತದೆ, ದಾರಿಯಲ್ಲಿ ಏನು ಬೀಳುತ್ತದೆ ಅನ್ನುವುದು ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು.

ಒರತೆ ಇಲ್ಲದ ಕಡೆ ಬಾವಿ. ಬಾವಿಕಟ್ಟೆಯ ವಿಷಯ ಬರೆಯುವಾಗ ಒಂದು ಸತ್ಯವನ್ನು ಮುಚ್ಚಿಡಬಾರದು. ಆ ಕಟ್ಟೆಯನ್ನು ಎಲ್ಲರೂ ಹತ್ತುವಂತಿರಲಿಲ್ಲ. ದೂರ ನಿಂತು, ಮೇಲಿನವರು ಯಾರಾದರೂ ಬಂದು ಕೊಡಕ್ಕೆ ಹೊಯ್ಯಲಿ ಅಂತ ಕಾದವರು, ಕಾದು ಬೇಸತ್ತು ಹಳ್ಳದ ನೀರನ್ನೇ ಹೊತ್ತು ಹೋದವರು ನಮ್ಮೂರಿನಲ್ಲೂ ಇದ್ದರು. ಅಸ್ಪೃಶ್ಯತೆ ಆಚರಣೆಗೆ ಶಿಕ್ಷೆ ವಿಧಿಸುವ ಕಾಯ್ದೆ 1955ರಲ್ಲೇ ಬಂದಿತ್ತು. ಕಾಯ್ದೆ ಊರೊಳಗೆ ಬರುವುದು ತಡವಾಯ್ತು.

ಬೋರು ಬಂತು

1983ರಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾದ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ಹಿರಿಯರು ಮರೆತಿಲ್ಲ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಅಂತಲೇ ಕರೆದರು. 1988ರಲ್ಲಿ ಅವರು ತೀರಿಕೊಂಡರೂ ಆ ಹೆಸರು ಉಳಿಯಿತು. ಲಾರಿ ಬಂದು, ಮೂರು ದಿನ ಊರೆಲ್ಲ ನಡುಗಿ, ಕಡೆಗೆ ಕಬ್ಬಿಣದ ಕೈಪಂಪು ನಿಂತಿತು. ಮಾರ್ಕ್ ಎರಡು ಅನ್ನುವ ಆ ಪಂಪು 1970ರ ದಶಕದಲ್ಲಿ ನಮ್ಮ ದೇಶದಲ್ಲೇ, ಯುನಿಸೆಫ್ ನೆರವಿನಿಂದ ರೂಪುಗೊಂಡದ್ದು. ಅದಕ್ಕೆ ಕಟ್ಟೆಯೂ ಇಲ್ಲ, ಹಗ್ಗವೂ ಇಲ್ಲ. ನಮ್ಮೂರಿನಲ್ಲಿ ಎಲ್ಲ ಕೇರಿಯವರೂ ತಮ್ಮ ಕೈಯಿಂದಲೇ ಹಿಡಿದು ಎತ್ತಿಕೊಂಡ ಮೊದಲ ನೀರು ಅದು.

ಆದರೆ ಆ ನೀರಿನ ಬಗ್ಗೆ ಊರಿಗೆ ಸಮಾಧಾನವಿರಲಿಲ್ಲ. ಹೊಡೆದಾಗ ತಿಳಿಯಾಗಿಯೇ ಇರುತ್ತಿತ್ತು. ಕೊಡದಲ್ಲಿ ರಾತ್ರಿ ಕಳೆದರೆ ಕೆಂಪು. ಚಾ ಕಪ್ಪಗಾಯ್ತು, ಬಿಳಿ ಪಂಚೆ ಹಳದಿಯಾಯ್ತು. ನಮ್ಮ ಜಂಬಿಟ್ಟಿಗೆ ನೆಲದ ಕಬ್ಬಿಣದಂಶ ನೀರಿನಲ್ಲಿ ಕರಗಿ ಬಂದು, ಗಾಳಿ ತಾಗಿದ ಮೇಲೆ ತುಕ್ಕಾಗಿ ಕೂರುತ್ತದೆ. ಚಾಪುಡಿಯ ಒಗರು ಕಬ್ಬಿಣಕ್ಕೆ ಸೇರಿದರೆ ಕಪ್ಪು. ಕುಡಿಯುವ ನೀರಿಗೆ ಇರುವ ಭಾರತೀಯ ಮಾನಕದ ಪ್ರಕಾರ ಕಬ್ಬಿಣ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಅದಕ್ಕಿಂತ ತುಸು ಹೆಚ್ಚಾದರೆ ಕಷ್ಟ ಬಣ್ಣಕ್ಕೆ, ರುಚಿಗೆ. ಜ್ವರ, ಭೇದಿ ಅದರಿಂದ ಬರುವುದಿಲ್ಲ.

ನಾವು ಮಾಡಿದ್ದೇನು? 'ಈ ತುಕ್ಕು ನೀರು ಯಾರು ಕುಡೀತಾರೆ' ಅಂತ ಬೋರು ಬಿಟ್ಟು ಮತ್ತೆ ತೆರೆದ ಬಾವಿಗೆ, ಹಳ್ಳಕ್ಕೆ ಹೋದೆವು. ಕೊಟ್ಟಿಗೆ ಗೊಬ್ಬರದ ನೀರು, ಬಯಲಿಗೆ ಹೋದದ್ದು ಎಲ್ಲ ಮೊದಲ ಮಳೆಗೆ ತೊಳೆದು ಬಂದು ಸೇರುವುದು ಅಲ್ಲಿಗೇ. ಕೆಂಪಗಿದ್ದ ನೀರಿಗೆ ಹೆದರಿ, ತಿಳಿಯಾಗಿದ್ದ ನೀರನ್ನು ನಂಬಿದೆವು.

ನಾಲಿಗೆ ಮೋಸ ಹೋಗುವುದು ನಮ್ಮೂರಿನಲ್ಲಿ ಮಾತ್ರ ಅಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಎದ್ದಾಗ ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ಗುರುತಿಸುತ್ತ ಹೋಗಿ, ಹೆಚ್ಚಿನವರು ಒಂದೇ ಪಂಪಿನ ನೀರು ಕುಡಿದವರು ಅಂತ ತೋರಿಸಿದರು. ಆ ಬೀದಿಯಿಂದ ದೂರದ ಬಡಾವಣೆಗೆ ಹೋಗಿ ನೆಲೆಸಿದ್ದ ಒಬ್ಬ ವಿಧವೆಯೂ ಸತ್ತಿದ್ದರು. ಅವರ ನೆರೆಯಲ್ಲಿ ರೋಗವೇ ಇರಲಿಲ್ಲ. ವಿಚಾರಿಸಿದರೆ, ಆ ಪಂಪಿನ ನೀರೇ ರುಚಿ ಅಂತ ಅವರು ದಿನವೂ ಗಾಡಿಯಲ್ಲಿ ತರಿಸಿ ಕುಡಿಯುತ್ತಿದ್ದರಂತೆ.

ನಲ್ಲಿ ಬಂದ ಮೇಲೆ

ಬೋರಿಗೆ ಮೋಟಾರು ಕೂರಿಸಿ, ಮಿನಿ ಟ್ಯಾಂಕು ಕಟ್ಟಿ ಬೀದಿಗೆ ನಲ್ಲಿ ಕೊಟ್ಟರು. 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ನೀರಿನ ಹೊಣೆ ಗ್ರಾಮ ಪಂಚಾಯಿತಿಗೆ ಬಂತು. ಆಮೇಲೆ 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ 'ಮನೆಮನೆಗೆ ಗಂಗೆ' ಅನ್ನುವ ಹೆಸರಿನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕದಲ್ಲಿ ಅಂಗಳಕ್ಕೇ ಕೊಳಾಯಿ ಕೊಡುವ ಗುರಿ ಇಟ್ಟಿತು. ಹೆಂಗಸರ ಸೊಂಟದ ಕೊಡ ಇಳಿಯಿತು. ಇದು ಸಣ್ಣ ಮಾತಲ್ಲ.

ಕೊಡದ ಜೊತೆಗೆ ಇನ್ನೊಂದೂ ಹೋಯಿತು. ಒರತೆಯವರೆಗೆ ಹೋಗಿ ನೋಡಿ ಬರುವ ಅಭ್ಯಾಸ. ನಲ್ಲಿ ತಿರುಗಿಸಿದರೆ ಬರುವ ನೀರಿಗೆ ಹಿಂದೆ ಮುಂದೆ ಇಲ್ಲ ಅನ್ನುವ ಹಾಗೆ ಆಯ್ತು.

ಇದಕ್ಕೆ ನಾವು ತೆತ್ತ ಬೆಲೆಯನ್ನು ಹೇಳಿಕೊಳ್ಳಬೇಕು. ಸುಮಾರು ಹದಿನೈದು ವರ್ಷದ ಹಿಂದಿನ ಒಂದು ಮಳೆಗಾಲದಲ್ಲಿ ನಮ್ಮ ಕೇರಿಯ ಮಕ್ಕಳು ಒಬ್ಬರ ಹಿಂದೆ ಒಬ್ಬರು ಕಾಮಾಲೆಯಿಂದ ಮಲಗಿದರು. ಮೊದಲು ಒಂದು ಮದುವೆ ಊಟದ ಮೇಲೆ ಗೂಬೆ ಕೂರಿಸಿದೆವು. ಸೊಪ್ಪಿನ ಔಷಧಿಗೆ ಓಡಿದೆವು. ಒಬ್ಬ ಹುಡುಗಿಯನ್ನು ಶಿವಮೊಗ್ಗಕ್ಕೆ ಸೇರಿಸಿ, ಬದುಕಿಸಿಕೊಂಡು ಬರಲು ಆ ಮನೆಯವರು ಅಡಿಕೆಯನ್ನು ಧಾರಣೆ ನೋಡದೆ ಮಾರಿದರು. ಕಾಮಾಲೆಯ ವಿಷಾಣು ಹೊಟ್ಟೆ ಸೇರಿದ ಸುಮಾರು ಒಂದು ತಿಂಗಳ ಮೇಲೆ ಕಣ್ಣು ಹಳದಿಯಾಗುತ್ತದೆ. ಅಂದರೆ ರೋಗ ಕಂಡ ದಿನ ಹುಡುಕಬೇಕಾದ್ದು ತಿಂಗಳ ಹಿಂದಿನ ನೀರನ್ನು. ಅದು ಆಗ ನಮಗೆ ತಿಳಿದಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಮೋರಿಯ ಕೆಳಗೆ ಒಡೆದಿದ್ದ ಪೈಪಿನ ಒಂದು ಜಾಯಿಂಟು, ನಾವು ದಿನವೂ ದಾಟಿ ಓಡಾಡುತ್ತಿದ್ದ ಜಾಗದಲ್ಲೇ. ನೀರು ಬಿಟ್ಟಾಗ ಪೈಪಿನಿಂದ ಹೊರಗೆ ಸೋರುತ್ತದೆ; ಅದನ್ನು ಕಂಡು 'ನೀರು ಪೋಲಾಗ್ತಿದೆ' ಅಂತಷ್ಟೇ ಅಂದುಕೊಂಡಿದ್ದೆವು. ನೀರು ನಿಲ್ಲಿಸಿದಾಗ ಖಾಲಿಯಾದ ಪೈಪು ಅದೇ ಬಿರುಕಿನಿಂದ ಮೋರಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಮೊದಲ ಕೊಡಕ್ಕೆ ಬರುವುದು ಅದು. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಎಲ್ಲ ಊರುಗಳಿಗೂ ಈ ಅಪಾಯ ಇದ್ದದ್ದೇ.

ನಾವೇ ಹಾಕಿದ ವಿಷ

ಬೇರೆಯವರು ಕೆಡಿಸಿದ ನೀರಿನ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಕುದುರೆಮುಖದ ಗಣಿಯ ಕಾಲದಲ್ಲಿ ಮಳೆಗಾಲದ ಭದ್ರೆಗೆ ಹೂಳು ಸೇರುವ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಒಳ್ಳೆಯದಾಯ್ತು. ನಮ್ಮ ತೋಟದ ಮಾತೇನು?

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮೈಸೂರು ಸರ್ಕಾರದ ಸಸ್ಯರೋಗ ತಜ್ಞರಾಗಿ 1908ರಲ್ಲಿ ಬಂದ ಕೋಲ್ಮನ್ ಸಾಹೇಬರು ನಮ್ಮ ಸೀಮೆಗೆ ಕಲಿಸಿಕೊಟ್ಟರು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಡಿಕೆ ಉಳಿದದ್ದು ಅದರಿಂದ. ಆದರೆ ನೀರು ಹತ್ತಿರ ಅಂತ ಹಳ್ಳದ ದಡದಲ್ಲೇ, ಬಾವಿಯ ಪಕ್ಕದಲ್ಲೇ ಡ್ರಮ್ಮು ಇಟ್ಟು ಕಲಸುತ್ತೇವೆ, ಉಳಿದದ್ದನ್ನು ಅಲ್ಲೇ ಚೆಲ್ಲಿ ತೊಳೆಯುತ್ತೇವೆ. ತಾಮ್ರ ಮೀನಿಗೆ ಬಲು ಬೇಗ ವಿಷ. ಕುಡಿಯುವ ನೀರಿನಲ್ಲಿ ಬೇರೆ ದಾರಿಯೇ ಇಲ್ಲದಾಗಲೂ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಆ ಮೈಲುತುತ್ತ ಬರುವುದು ನಮ್ಮ ಸೊಸೈಟಿಯ ಗೋದಾಮಿನಿಂದಲೇ ಅನ್ನುವುದನ್ನು ಸದಸ್ಯರು ನೆನಪಿಡಬೇಕು. ಕಾಫಿ ಪಲ್ಪರಿನ ನೀರು, ಅಡಿಕೆ ಬೇಯಿಸಿದ ಚೊಗರು ಹಳ್ಳಕ್ಕೆ ಸೇರುವುದೂ ಇದೇ ಸಾಲಿಗೆ.

ಇನ್ನು ಮುಂದೆ

ಬಯಲುಸೀಮೆಯಲ್ಲಿ ಕಂಡ ಆರ್‌ಓ ಮಿಶನ್ನುಗಳನ್ನು ನಮ್ಮಲ್ಲೂ ತರಿಸುತ್ತಿದ್ದಾರೆ. ಕೋಲಾರ, ಪಾವಗಡದ ಕಡೆ ನೀರಿನಲ್ಲಿ ಫ್ಲೋರೈಡು, ಗಡಸುತನ ಇದೆ. ಅಲ್ಲಿಗೆ ಅದು ಬೇಕು. ನಮ್ಮ ಗುಡ್ಡದ ನೀರು ಮೊದಲೇ ಮೆದು. ನಮಗಿರುವ ತೊಂದರೆ ಎರಡು: ಕ್ರಿಮಿ ಮತ್ತು ಕಬ್ಬಿಣ. ಕಬ್ಬಿಣಕ್ಕೆ ನೀರನ್ನು ಗಾಳಿಗೆ ಬೀಳಿಸಿ ಮರಳಿನಲ್ಲಿ ಸೋಸಿದರೆ ಬಹುಮಟ್ಟಿಗೆ ಸಾಕು. ಕ್ರಿಮಿಗೆ ಕುದಿಸುವುದು, ಇಲ್ಲವೇ ಬ್ಲೀಚಿಂಗ್ ಪುಡಿ.

ಸಾವಿರ ಲೀಟರ್ ತಿಳಿ ನೀರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಪುಡಿ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿರುವ ಬಾವಿಯಲ್ಲಿ ಒಂಬತ್ತು ಸಾವಿರ ಲೀಟರಿಗೆ ಮಿಕ್ಕಿ ನೀರು. ಅದಕ್ಕೆ 24 ಗ್ರಾಂ. ಐವತ್ತು ಸಾವಿರ ಲೀಟರಿನ ಟ್ಯಾಂಕಿಗೆ 125 ಗ್ರಾಂ. ನೀರು ಕದಡಿದ್ದರೆ ಹೆಚ್ಚು ಬೇಕು. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಡಬೇಕು. ಬಾಯಿ ತೆರೆದಿಟ್ಟ ಹಳೇ ಚೀಲದ ಪುಡಿಯಲ್ಲಿ ಸತ್ವ ಇರುವುದಿಲ್ಲ. 'ಆಸ್ಪತ್ರೆ ವಾಸನೆ' ಅಂತ ನೀರು ಬಿಡುವ ನೀರುಗಂಟಿಯನ್ನು ಬೈಯುವವರು ಒಂದು ತಿಳಿಯಬೇಕು. ನಲ್ಲಿಯ ತುದಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತಲೇ ಮಾನಕ ಹೇಳುತ್ತದೆ. ಆ ಸಣ್ಣ ವಾಸನೆ ದಾರಿಯಲ್ಲಿ ಕಾವಲಿದೆ ಅನ್ನುವುದಕ್ಕೆ ಗುರುತು.

ಪರೀಕ್ಷೆಯೂ ಈಗ ದೂರದ ಮಾತಲ್ಲ. ಜಲಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಪರೀಕ್ಷಾ ಕಿಟ್ಟು ಬಳಸಲು ಕಲಿಸುವ ಏರ್ಪಾಡಿದೆ. ಸಣ್ಣ ಬಾಟಲಿಯಲ್ಲಿ ನೀರು ತುಂಬಿಸಿ ಬೆಚ್ಚಗೆ ಒಂದೆರಡು ದಿನ ಇಟ್ಟರೆ, ಮಲದ ಸೋಂಕಿದ್ದ ನೀರು ಕಪ್ಪಾಗುತ್ತದೆ. ಕಣ್ಣಿಗೆ ಕಾಣದ್ದನ್ನು ಕಣ್ಣಿಗೆ ಕಾಣಿಸುವ ಬಾಟಲಿ ಅದು.

ಸಂಘದ ಸದಸ್ಯರಲ್ಲಿ ನಮ್ಮ ಕೋರಿಕೆ ಮೂರು. ಮಳೆಗಾಲದ ಮೊದಲು ಒಂದು ಸಲ, ಮಳೆ ಹಿಡಿದ ಮೇಲೆ ಒಂದು ಸಲ ಊರಿನ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪಂಚಾಯಿತಿಯಿಂದ ಪಡೆದು ಸಂಘದ ನೋಟೀಸ್ ಬೋರ್ಡಿನಲ್ಲಿ, ಅಡಿಕೆ ಧಾರಣೆಯ ಪಕ್ಕದಲ್ಲೇ ಹಚ್ಚಬೇಕು. ಮೈಲುತುತ್ತ ಒಯ್ಯುವವರಿಗೆ 'ನೀರಿನ ಮೂಲದ ಬಳಿ ಕಲಸಬೇಡಿ' ಅಂತ ಗೋದಾಮಿನಲ್ಲೇ ಹೇಳಿ ಕಳಿಸಬೇಕು. ಪೈಪು ಹಾದ ದಾರಿಯನ್ನು ವರ್ಷಕ್ಕೊಮ್ಮೆ ನಾವೇ ನಾಲ್ಕು ಜನ ನಡೆದು ನೋಡಬೇಕು.

1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಇದ್ದ ಮಾತು ಒಂದೇ: ಒಬ್ಬನಿಂದ ಆಗದ್ದು ಹತ್ತು ಜನರಿಂದ ಆದೀತು. ದಂಬೆಯ ಕಾಲದಲ್ಲಿ ಒಂದು ಮನೆಗೆ ಒಂದು ದಂಬೆ, ಅದನ್ನು ಆ ಮನೆಯವರೇ ನೋಡಿಕೊಂಡರು. ಈಗ ಊರಿಗೆಲ್ಲ ಒಂದೇ ಪೈಪು. ಹಿಂದೆ ಕಟ್ಟೆ ಹತ್ತಲು ಬಿಡದವರ ಮನೆಗೂ, ದೂರ ನಿಂತವರ ಮನೆಗೂ ಒಂದೇ ನೀರು. ಅದು ಕೆಟ್ಟರೆ ಎಲ್ಲರಿಗೂ ಕೆಟ್ಟಿತು. ಆದ್ದರಿಂದ ಅದನ್ನು ಕಾಯುವುದೂ ಎಲ್ಲರ ಕೆಲಸವೇ. ಸಂಘ ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ, ಅತಿಥಿಗಳಿಗೆ ಬಾಟಲಿ ನೀರಿನ ಬದಲು ನಮ್ಮೂರಿನ ನಲ್ಲಿ ನೀರನ್ನೇ ಧೈರ್ಯವಾಗಿ ಲೋಟದಲ್ಲಿ ಕೊಡುವಂತಾಗಲಿ ಅಂತ ಹಾರೈಸುತ್ತೇವೆ.